ಗಾಜಿನ ಮೇಲೆ ನಿಲ್ಲದ ಪೊರೆ

ನನ್ನ ತಮ್ಮನ ಮಗಳು ಸವಿತಾ ಸೋಲಾರ್ ಪ್ಯಾನಲ್ ಕಾರ್ಖಾನೆಗೆ ಸೇರುತ್ತಿದ್ದಾಳೆ. ಐಟಿಐ ಮುಗಿಸಿದ್ದಾಳೆ. ಅವರೂರು ಕ್ಯಾಸಂಬಳ್ಳಿಗೆ ಕಂಪನಿ ಬಸ್ಸೇ ಬರುತ್ತದಂತೆ. ಹೋದ ಭಾನುವಾರ ಮನೆಗೆ ಬಂದು ಕೇಳಿದಳು.

"ಅತ್ತೆ, ನೀನು ಅಷ್ಟು ವರ್ಷ ಸೋಲಾರ್ ಕೆಲ್ಸ ಮಾಡಿದ್ದೀಯಲ್ಲ, ಎಂಗಿರ್ತದೆ ಯೋಳು."

"ನಿಂತ್ಕೊಂಡಿರ್ತೀಯ. ಅಷ್ಟೆ" ಅಂದೆ.

ಅವಳಿಗೆ ಅದು ಸಾಲಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸವಿತಾಗೆ ಮಾತ್ರವಲ್ಲ, ಆ ಬಸ್ಸು ಹತ್ತುವ ಎಲ್ಲ ಹುಡುಗಿಯರಿಗೂ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ನೀವೇ ಸರಿಮಾಡಿಕೊಂಡು ಓದಿ. ನಾನು ಯಾವಾಗ ಹೆಲ್ಪರ್ ಆದೆ, ಯಾವಾಗ ಆಪರೇಟರ್ ಆದೆ ಎಂಬುದನ್ನು ಬರೆಯುವುದಿಲ್ಲ. ಬ್ಯಾಡ್ಜಿನ ಮೇಲಿನ ಹೆಸರು ಬದಲಾಯಿತು, ನಿಲ್ಲುವ ಜಾಗ ಬದಲಾಗಲಿಲ್ಲ.

ನಮ್ಮ ಕಾರ್ಖಾನೆ ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಲ್ಲಿತ್ತು. ಈಗ ಅಲ್ಲಿ ಟೊಮೇಟೊ ಕ್ರೇಟ್ ಇಡುತ್ತಾರೆ. ಸವಿತಾ ಸೇರುವ ಕಡೆ ಮಾಡುವುದು ದಪ್ಪ ಸಿಲಿಕಾನ್ ಬಿಲ್ಲೆಗಳ ಪ್ಯಾನಲ್. ಬಿಲ್ಲೆಗಳು ಡಬ್ಬದಲ್ಲಿ ಬರುತ್ತವೆ, ಜೋಡಿಸುವುದಷ್ಟೇ ಕೆಲಸ. ನಮ್ಮದು ಹಾಗಲ್ಲ. ನಾವು ಗಾಜಿನ ಮೇಲೆ ಪೊರೆ ಹಿಡಿಸುತ್ತಿದ್ದೆವು. ಇಂಜಿನಿಯರುಗಳು ಫಿಲ್ಮ್ ಅನ್ನುತ್ತಿದ್ದರು, ನಾವು ಪೊರೆ ಅನ್ನುತ್ತಿದ್ದೆವು. ಕೂದಲಿಗಿಂತ ತೆಳ್ಳಗೆ, ಎಷ್ಟೋ ಪಾಲು ತೆಳ್ಳಗೆ. ಗಾಜು ತೊಳೆದು ಒಣಗಿಸಿ, ಬೀರುವಿಗಿಂತ ದೊಡ್ಡದಾದ ಕಬ್ಬಿಣದ ಪೆಟ್ಟಿಗೆಗೆ ತಳ್ಳಬೇಕು. ಪಂಪು ಒಳಗಿನ ಗಾಳಿಯನ್ನೆಲ್ಲ ಎಳೆದುಬಿಡುತ್ತದೆ. ಆಮೇಲೆ ಒಂದು ಗ್ಯಾಸ್ ಬಿಡುತ್ತಾರೆ, ಹೊರಗಿನ ಗಾಳಿ ತಾಕಿದರೆ ತಾನೇ ಹತ್ತಿ ಉರಿಯುವಂಥದ್ದು. ಕರೆಂಟು ಕೊಟ್ಟರೆ ಅದು ಒಡೆದು ಗಾಜಿನ ಮೇಲೆ ಕೂರುತ್ತದೆ. ನೀರಿನ ಹಾಗೆ ಒಳಗೆ ಹೋದ ಗಾಜು ಸುಟ್ಟ ಬೆಲ್ಲದ ಬಣ್ಣದಲ್ಲಿ ಹೊರಗೆ ಬರುತ್ತದೆ. ಆಮೇಲೆ ಅದರ ಮೇಲೆ ಲೇಸರ್ ಗೆರೆ ಎಳೆದು ಪಟ್ಟಿ ಪಟ್ಟಿ ಮಾಡಿ, ಹಿಂದೆ ಬೆಳ್ಳಿಯಂಥ ಲೇಪ ಹಾಕಿ, ಒಂದು ಪ್ಲಾಸ್ಟಿಕ್ ಶೀಟು ಹೊದಿಸಿ, ಇನ್ನೊಂದು ಗಾಜು ಮುಚ್ಚಿ, ಬಿಸಿ ಮಾಡಿ ಒತ್ತಿದರೆ ಪ್ಯಾನಲ್.

ಇದು ಇಷ್ಟೇ. ಆದರೆ ಇಷ್ಟರಲ್ಲಿ ಒಂದು ಚೂರು ಧೂಳು ಬಿದ್ದರೂ ಪೊರೆಯಲ್ಲಿ ತೂತು.

ನನ್ನ ಕೆಲಸ ಗಾಜು ತೊಳೆಯುವುದು. ಬ್ರಷ್ಷಿನ ಮೆಷಿನ್ನೇ ತೊಳೆಯುತ್ತದೆ, ಆದರೆ ಹತ್ತಿಸಿ ಇಳಿಸಿ ನೋಡುವುದು ನಾವು. ಗಾಜಿನ ಮೂಲೆಗೆ ಬಾಯಿಯಿಂದ ಹಬೆ ಬಿಡಬೇಕು. ಮಂಜು ಒಂದೇ ಸಮ ಕೂತರೆ ಗಾಜು ಶುದ್ಧ. ಎಲ್ಲಾದರೂ ಬಿಟ್ಟು ಬಿಟ್ಟು ಕೂತರೆ ಅಲ್ಲಿ ಜಿಡ್ಡಿದೆ, ಮತ್ತೆ ತೊಳೆ. ಇದನ್ನು ನನಗೆ ಕಲಿಸಿದ್ದು ಸೆಲ್ವಿ. ಕೆಜಿಎಫ್‌ನ ಮೈಸೂರು ಮೈನ್ಸ್‌ನಲ್ಲಿ ಗಣಿ ಕೆಲಸದವರಿಗೆ ಕಟ್ಟಿಸಿದ ಲೈನ್ ಮನೆಯವಳು. ಅವಳಪ್ಪ ಗಣಿಯೊಳಗೆ ಇಳಿಯುತ್ತಿದ್ದವನು, ಗಣಿ ಮುಚ್ಚಿದಾಗ ಮನೆಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಸೆಲ್ವಿ ಗಾಜಿಗೆ ಹಬೆ ಬಿಡುತ್ತಾ ಅನ್ನುತ್ತಿದ್ದಳು:

"ನಮ್ಮಪ್ಪ ನೆಲದೊಳಕ್ಕೆ ಓದ, ನಾನು ಸೂರ್ಯನ್ನ ಇಡಿಯೋಕೆ ಬಂದೆ. ಇದೂ ಅದರ ತರಾನೇ ಮುಚ್ಕೊಂಡು ಓಗದಿದ್ರೆ ಸಾಕಕ್ಕಾ."

ಸೆಲ್ವಿಗೆ ಪೌಡರ್ ಹುಚ್ಚು. ಒಂದು ಸಲ ತಂಗಿಯ ನಿಶ್ಚಿತಾರ್ಥಕ್ಕೆ ಹಾಕಿಕೊಂಡ ಮುಖದಲ್ಲೇ ಡ್ಯೂಟಿಗೆ ಬಂದಳು. ಆವತ್ತಿನ ಗಾಜುಗಳನ್ನು ದೀಪಕ್ಕೆ ಹಿಡಿದರೆ ರಾಗಿ ಚೆಲ್ಲಿದ ಹಾಗೆ ತೂತು. ನಮ್ಮ ಮ್ಯಾನೇಜರ್ ರಘುನಾಥ್ ಸಾರ್ ಗಾಜನ್ನು ಎತ್ತಿ ಹಿಡಿದು, "ಇದೇನಮ್ಮ ಸೆಲ್ವಿ, ಆಕಾಶದಲ್ಲಿರೋ ನಕ್ಷತ್ರ ಎಲ್ಲ ಇಲ್ಲಿಗೇ ತಂದಿದ್ದೀಯಲ್ಲ" ಅಂದರು. ಆಮೇಲಿಂದ ಬಾಗಿಲಲ್ಲೇ ಮುಖ ತೊಳೆಸಿ ಒಳಗೆ ಬಿಡುತ್ತಿದ್ದರು. ಹೂವು ಬಂದ್, ಬಳೆ ಬಂದ್, ತಲೆಗೆ ಎಣ್ಣೆ ಬಂದ್. ಬಿಳಿ ಟೋಪಿಯೊಳಗೆ ಒಣಗಿದ ತಲೆ ತುರಿಸಿಕೊಳ್ಳಲೂ ಆಗದು. ಹುಡುಗಿಯರೇ, ಇದು ಈಗಲೂ ಹಾಗೇ ಇರುತ್ತದೆ. ಮೊದಲ ತಿಂಗಳು ಅಳು ಬರುತ್ತದೆ. ಕಾಲು ಊದುತ್ತದೆ. ಶೂ ಒಂದು ಸೈಜು ದೊಡ್ಡದು ಕೇಳಿ ತೆಗೆದುಕೊಳ್ಳಿ.

ಆ ಪೊರೆಗೆ ಹುಟ್ಟಿನಿಂದಲೇ ಒಂದು ರೋಗ ಇತ್ತು. ಬಿಸಿಲಿಗೆ ಇಟ್ಟ ಮೊದಲ ಕೆಲವು ತಿಂಗಳಲ್ಲಿ ಅದರ ಶಕ್ತಿ ಇಳಿಯುತ್ತಿತ್ತು. ಕಾರ್ಖಾನೆಯಿಂದ ಹೊರಡುವಾಗ ಮೀಟರ್ ತೋರಿಸುವುದಕ್ಕಿಂತ ಕಡಿಮೆ ಅಂಕಿಯನ್ನೇ ಹಿಂದೆ ಅಂಟಿಸಿ ಕಳಿಸುತ್ತಿದ್ದರು, ಹೇಗೂ ಅಲ್ಲಿಗೆ ಇಳಿಯುತ್ತದೆ ಎಂದು. ಜನಕ್ಕೆ ಅದು ತಿಳಿಯಬೇಕಲ್ಲ? ಕಾಮಸಮುದ್ರದ ಕಡೆಯ ಒಂದು ಹಾಲಿನ ಡೈರಿಗೆ ನಮ್ಮ ಪ್ಯಾನಲ್ ಹಾಕಿದ್ದರು. ಒಂದು ದಿನ ಅಲ್ಲಿಯ ಸೆಕ್ರೆಟರಿ ಗೇಟಿಗೇ ಬಂದ.

"ನಿಮ್ ಪ್ಯಾನ್ಲು ನಮ್ ಬೀಗ್ರ ತರ ಅದೆ ಕಣಮ್ಮ. ಮೊದಮೊದ್ಲು ಏನು ಜೋರು, ಏನು ಮಾತು. ಈಗ ಮೂಲೇಲಿ ಕುಂತವ್ರೆ, ಕೇಳಿದ್ರೂ ಮಾತಿಲ್ಲ."

ಅವನು ನಗಿಸಲು ಹೇಳಲಿಲ್ಲ. ನಾವು ಮಾತ್ರ ನಕ್ಕೆವು. ಊಟದ ಹೊತ್ತಿನಲ್ಲಿ ಸೆಲ್ವಿ ಕೇಳಿದಳು: "ಬಿಸ್ಲಿಗೆ ಅಂತಾನೇ ಮಾಡಿದ್ದು ಬಿಸ್ಲಿಗೇ ಸೊರಗ್ತದಲ್ಲಕ್ಕಾ, ಇದನ್ಯಾಕೆ ಮಾಡ್ತಾವ್ರೆ?"

ಅದಕ್ಕೆ ಉತ್ತರ ಹುಡುಕುತ್ತಿದ್ದವರು ವಸುಧಾ ಮೇಡಂ. ಕಾರ್ಖಾನೆಯ ಹಿಂದಿನ ಎರಡು ಕೋಣೆಗಳಲ್ಲಿ ರಿಸರ್ಚ್ ವಿಭಾಗ ಇತ್ತು, ಅದಕ್ಕೆ ಅವರೇ ಮುಖ್ಯಸ್ಥೆ. ಬೆಂಗಳೂರಿನವರು, ಡಾಕ್ಟರೇಟ್ ಮಾಡಿದವರು. ಒಳ್ಳೆಯವರು ಎಂದು ಬರೆಯಲಾರೆ. ಸಿಡುಕಿ. ಗಾಜನ್ನು ಅಂಚು ಬಿಟ್ಟು ಬೇರೆ ಕಡೆ ಮುಟ್ಟಿದರೆ ಕೈ ಮೇಲೆ ಸ್ಕೇಲಿನಲ್ಲಿ ಹೊಡೆದುಬಿಡುತ್ತಿದ್ದರು. ಆದರೆ ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು. ಉಳಿದ ಸಾರ್‌ಗಳು ಅದನ್ನೂ ಮಾಡುತ್ತಿರಲಿಲ್ಲ.

"ಈ ಪೊರೆ ಒಳಗೆ ಕೊಂಡಿಗಳಿರತ್ತೆ ಮುನಿಯಮ್ಮ. ಬಿಸಿಲು ಬಿದ್ದಾಗ ಕೆಲವು ಕೊಂಡಿ ಬಿಟ್ಟುಕೊಳ್ಳತ್ತೆ. ಪೊರೆ ತೆಳ್ಳಗಾದಷ್ಟೂ ನಷ್ಟ ಕಮ್ಮಿ. ಆದ್ರೆ ತೆಳ್ಳಗಾದ್ರೆ ಬಿಸಿಲು ಪೂರ್ತಿ ಹಿಡಿಯಲ್ಲ. ಅದಕ್ಕೆ ಎರಡು ಪೊರೆ. ಮೊದಲು ತೆಳ್ಳಂದು, ಅದರ ಹಿಂದೆ ಇನ್ನೊಂದು ತರದ್ದು. ಒಂದು ಬಿಟ್ಟ ಬಿಸಿಲನ್ನ ಇನ್ನೊಂದು ಹಿಡ್ಕೊಳತ್ತೆ."

"ಅದು ಸೊರಗಲ್ವ?"

"ಸೊರಗುತ್ತೆ. ಸ್ವಲ್ಪ. ಅದೆಷ್ಟು ಅಂತ ನೋಡಕ್ಕೇ ಸಾಯ್ತಾ ಇದ್ದೀನಿ."

ಅವರು ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಎರಡನೇ ಪೊರೆ ದಪ್ಪ, ಕೂರಲು ಹೊತ್ತು ಹಿಡಿಯುತ್ತದೆ. ಆತುರ ಮಾಡಿದರೆ ಹೊಗೆಸೊಪ್ಪಿನ ಪುಡಿಯ ಹಾಗೆ ಉದುರುತ್ತದೆ. ಎಷ್ಟು ಗಾಜು ಉದುರಿದವೋ, ಎಷ್ಟನ್ನು ನಾನು ಆಸಿಡ್ ಹಾಕಿ ತೊಳೆದು ಮತ್ತೆ ಕೊಟ್ಟೆನೋ. ಕೊನೆಗೆ ಒಂದು ದಿನ ಪೊರೆ ನಿಂತಿತು. ಬೆಲ್ಲದ ಬಣ್ಣವಲ್ಲ, ಎಮ್ಮೆಯ ಬಣ್ಣ. ಪೂರ್ತಿ ಕಪ್ಪು. ಸೆಲ್ವಿ ಅದರಲ್ಲಿ ಮುಖ ನೋಡಿಕೊಂಡು, "ಪೌಡರ್ ಆಕಿದ್ರೂ ಕಾಣ್ಸಲ್ಲ ಬಿಡಕ್ಕಾ" ಅಂದಳು. ಮೇಡಂ ಕೂಡ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಆ ಒಂದು ಸಲ.

ಅಷ್ಟರಲ್ಲಿ ಹೊರಗೆ ಕಾಲ ಬದಲಾಗಿತ್ತು. ಹೊರದೇಶದ ಬಿಲ್ಲೆ ಪ್ಯಾನಲ್‌ಗಳು ಬಂದವು. ರಘುನಾಥ್ ಸಾರ್ ಒಂದನ್ನು ತರಿಸಿ ನಮ್ಮ ಪ್ಯಾನಲ್ ಪಕ್ಕ ಬಿಸಿಲಿಗೆ ಇಟ್ಟರು. ಅರ್ಧ ಅಗಲ, ಹೆಚ್ಚು ಕರೆಂಟು, ಬೆಲೆಯೂ ನಮಗಿಂತ ಕಡಿಮೆ. ಅವರು ಎರಡರ ಮೀಟರನ್ನೂ ನೋಡಿ ಒಳಗೆ ಹೋದರು. ಮೂರು ಶಿಫ್ಟು ಒಂದಾಯಿತು. ಕೆಲಸ ಬಿಟ್ಟವರ ಜಾಗಕ್ಕೆ ಯಾರೂ ಬರಲಿಲ್ಲ. ಒಳಗಿನ ಗಾಳಿ ಸೋಸುವ ಏರ್ ಪ್ಲಾಂಟಿನ ಫಿಲ್ಟರ್ ಕಟ್ಟಿಕೊಂಡರೂ ಹೊಸದು ಬರಲಿಲ್ಲ.

ಆಗ ಮಾಲೀಕರ ಕಡೆಯಿಂದ ಒಂದು ಮಾತು ಬಂತು. ಎರಡು ಪೊರೆಯ ಪ್ಯಾನಲ್‌ಗಳನ್ನು ಒಂದು ವರಸೆ ಮಾಡಿ ಛಾವಣಿಯ ಮೇಲೆ ಇಡಿ. ಮುಂದಿನ ಆಷಾಢದವರೆಗೆ ಶಕ್ತಿ ನಿಂತರೆ ಲೈನನ್ನು ಅದಕ್ಕೆ ಬದಲಾಯಿಸೋಣ. ನಿಲ್ಲದಿದ್ದರೆ ಬಾಗಿಲು ಹಾಕೋಣ. ರಘುನಾಥ್ ಸಾರ್ ಇದನ್ನು ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. ಮರೆಮಾಚಲಿಲ್ಲ. ಅದೊಂದಕ್ಕೆ ಅವರನ್ನು ಮೆಚ್ಚಬೇಕು.

ಗ್ಯಾಸ್ ಅಷ್ಟಕ್ಕೇ ಇತ್ತು. ಮೇಡಂ ಆ ಗ್ಯಾಸಿನಲ್ಲಿ ಛಾವಣಿಯ ಗಾಜುಗಳಿಗೆಲ್ಲ ಪೊರೆ ಹಿಡಿಸಿದರು. ಒಂದೂ ಉದುರಲಿಲ್ಲ. ಇನ್ನು ಪ್ಲಾಸ್ಟಿಕ್ ಶೀಟು ಹೊದಿಸಿ ಒತ್ತುವುದು ಬಾಕಿ. ಅದು ನಮ್ಮ ಕೆಲಸ, ನಾವು ಮಾಡಿ ಮಾಡಿ ಕೈ ಪಳಗಿದ ಕೆಲಸ. ಮೇಡಂ ಯಾವುದೋ ಅಳತೆಯ ಮೆಷಿನ್ ಕೇಳಿ ತರಲು ಬೆಂಗಳೂರಿಗೆ ಹೋದರು.

ಅದು ಆಷಾಢ. ಕೆಜಿಎಫ್ ಗೊತ್ತಿದ್ದವರಿಗೆ ಆಷಾಢದ ಗಾಳಿ ಗೊತ್ತು. ಗಣಿಯಿಂದ ತೆಗೆದ ಕಲ್ಲನ್ನು ಅರೆದು, ಚಿನ್ನ ಹಿಂಡಿಕೊಂಡು, ಉಳಿದ ಪುಡಿಯನ್ನು ಗುಡ್ಡ ಗುಡ್ಡವಾಗಿ ಸುರಿದಿದ್ದಾರೆ. ಸೈನೈಡ್ ದಿಬ್ಬ ಅನ್ನುತ್ತೇವೆ. ಗಾಳಿ ಎದ್ದರೆ ಆ ಪುಡಿ ಮೈಲಿಗಟ್ಟಲೆ ಹಾರುತ್ತದೆ. ಅನ್ನದಲ್ಲಿ, ಹಾಸಿಗೆಯಲ್ಲಿ, ಹಲ್ಲಿನ ಮಧ್ಯೆ ಅದೇ. ಆ ವಾರ ಶೀಟು ಹೊದಿಸುವ ಕೋಣೆಯ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಾಗಿತ್ತು. ಒರೆಸಿದರೆ ಮತ್ತೆ ಬೀಳುತ್ತದೆ. ಗಾಜು ತೆರೆದಿಡುವ ಹಾಗಿಲ್ಲ, ಕಾಯುವ ಹಾಗೂ ಇಲ್ಲ.

"ಲೈನ್ ಮನೇಲಿ ನಾವೇನು ಮಾಡ್ತೀವಿ ಸಾರ್? ಗೋಣಿ ನೆನ್ಸಿ ಕಿಟ್ಕಿಗೆ, ಬಾಗ್ಲಿಗೆ ಕಟ್ತೀವಿ" ಅಂದಳು ಸೆಲ್ವಿ. "ಒಂದು ಚೂರು ಒಳಗೆ ಬರಲ್ಲ. ನಮ್ಮಮ್ಮನ ಕಾಲ್ದಿಂದ ಅದೇ."

ಅದು ಸುಳ್ಳಲ್ಲ. ಮೈಸೂರು ಮೈನ್ಸ್‌ನಲ್ಲಿ ಗಾಳಿಯ ಕಾಲದಲ್ಲಿ ಹೋದರೆ ಮನೆ ಮನೆಗೂ ಒದ್ದೆ ಗೋಣಿ ತೂಗುತ್ತಿರುತ್ತದೆ. ರಘುನಾಥ್ ಸಾರ್ ಯೋಚನೆ ಮಾಡಿ, "ಫಿಲ್ಟರ್ ಬರೋ ತನಕ ಇದೇ ಫಿಲ್ಟರ್" ಅಂದರು. ಗೋಣಿ ನಮ್ಮ ಮನೆಯ ರಾಗಿ ಚೀಲಗಳು. ಚೆನ್ನಾಗಿ ಒಗೆದು, ಹಿಂಡಿ, ಗಾಳಿ ಬರುವ ಬಾಯಿಗೆಲ್ಲ ಕಟ್ಟಿದೆವು. ಒಣಗಿದಾಗ ಮತ್ತೆ ನೀರು ಚಿಮುಕಿಸಿದೆವು. ಧೂಳು ನಿಂತಿತು. ಕೋಣೆ ತಣ್ಣಗಾಯಿತು. ಗಾಜಿಗೆ ಗಾಜು ಮುಚ್ಚಿ ಎಲ್ಲವನ್ನೂ ಒತ್ತಿದೆವು. ದೀಪಕ್ಕೆ ಹಿಡಿದರೆ ಒಂದು ತೂತಿಲ್ಲ. ಸಾರ್ ನಮಗೆಲ್ಲ ಬೋಂಡ ತರಿಸಿದರು. ಗೋಣಿಯ ಮುಂದೆ ನಮ್ಮನ್ನು ನಿಲ್ಲಿಸಿ ಫೋನಿನಲ್ಲಿ ಫೋಟೋ ತೆಗೆದರು.

ಮೇಡಂ ಬಂದವರು ಬಾಗಿಲಲ್ಲೇ ನಿಂತರು. ಮೂಗು ಅರಳಿಸಿದರು. ಒದ್ದೆ ಗೋಣಿಯ ವಾಸನೆ ನಿಮಗೆ ಗೊತ್ತಿರಬೇಕು.

"ಯಾರು ಕಟ್ಟಿದ್ದು ಇದನ್ನ?"

"ನಾವೇ ಮೇಡಂ" ಅಂದಳು ಸೆಲ್ವಿ, ಬಾಯಿ ತುಂಬ ನಗುತ್ತಾ. "ಧೂಳು ಪೂರಾ ಬಂದ್. ಎಂಗೆ?"

ಮೇಡಂ ಗೋಡೆಯ ಮೇಲಿನ ತೇವದ ಮೀಟರ್ ನೋಡಿದರು. ಅದು ಅಲ್ಲಿದೆ ಎಂದು ನಮಗೆ ಗೊತ್ತಿತ್ತು. ಅದನ್ನು ನೋಡುವುದು ಏರ್ ಪ್ಲಾಂಟಿನವನ ಕೆಲಸ, ಅವನು ಬಿಟ್ಟು ಹೋಗಿ ತುಂಬ ದಿನ ಆಗಿತ್ತು. ಮೇಡಂ ಶೀಟಿನ ರೋಲನ್ನು ಬೆರಳಲ್ಲಿ ಒತ್ತಿ ನೋಡಿದರು. ಅವರು ಕೂಗಾಡುತ್ತಾರೆ ಎಂದುಕೊಂಡೆ. ಕೂಗಲಿಲ್ಲ.

"ಈ ಶೀಟು ತೇವ ಕುಡಿಯತ್ತೆ ಮುನಿಯಮ್ಮ. ಹಪ್ಪಳ ಇದ್ದ ಹಾಗೆ. ಕುಡಿದಿದ್ದನ್ನ ಒಳಗೇ ಇಟ್ಟು ಒತ್ತಿಬಿಟ್ಟಿದ್ದೀರಿ. ಆ ತೇವ ಮೆಲ್ಲಗೆ ಪೊರೆ ತಿನ್ನತ್ತೆ."

"ಬಿಚ್ಚಿ ತಿರ್ಗಾ ಮಾಡ್ತೀವಿ ಮೇಡಂ" ಅಂದೆ.

"ಬಿಚ್ಚಿದ್ರೆ ಪೊರೆ ಕಿತ್ತು ಬರತ್ತೆ. ಹೊಸದು ಮಾಡಕ್ಕೆ ಗ್ಯಾಸಿಲ್ಲ."

ಸೆಲ್ವಿಯ ಮುಖದಲ್ಲಿ ನಗು ಹಾಗೇ ನಿಂತುಬಿಟ್ಟಿತ್ತು, ಇಳಿಸುವುದು ಮರೆತವಳ ಹಾಗೆ. ರಘುನಾಥ್ ಸಾರ್, "ಇಟ್ಟು ನೋಡೋಣ ಮೇಡಂ, ಏನೂ ಆಗದೇನೂ ಇರಬಹುದು" ಅಂದರು. ಬೇರೆ ದಾರಿ ಇರಲಿಲ್ಲ. ಇಟ್ಟೆವು.

ಛಾವಣಿಯ ಪ್ಯಾನಲ್‌ಗಳನ್ನು ತೊಳೆದು ಮೀಟರ್ ನೋಡಿ ಬರುವ ಕೆಲಸ ನನಗೆ ಕೊಟ್ಟರು. ನಾನು ಮೆಟ್ಟಿಲು ಇಳಿಯುವುದನ್ನೇ ಎಲ್ಲರೂ ಕಾಯುತ್ತಿದ್ದರು.

"ಎಂಗದಕ್ಕಾ?" ಸೆಲ್ವಿ ಕೇಳುವಳು.

"ನಿಂತದೆ."

"ನಿಲ್ಲಲಿ ತಾಯಿ, ನಿಲ್ಲಲಿ."

ನಿಜವಾಗಿಯೂ ನಿಂತಿತ್ತು. ಹಳೆಯ ಒಂದು ಪೊರೆಯ ಪ್ಯಾನಲ್ ಅಷ್ಟು ಹೊತ್ತಿಗೆ ಸೊರಗಿ ಮೂಲೆ ಹಿಡಿಯಬೇಕಿತ್ತು. ಇದು ಸ್ವಲ್ಪ ಇಳಿದು ಅಲ್ಲೇ ಗಟ್ಟಿಯಾಗಿ ಕೂತಿತು. ಮೇಡಂ ದಿನಕ್ಕೊಂದು ಸಲ ತಾವೇ ಮೇಲೆ ಬಂದು ನೋಡುವರು, ನನ್ನ ಮಾತು ನಂಬದವರ ಹಾಗೆ. ಗೌರಿ ಹಬ್ಬಕ್ಕೆ ಸೆಲ್ವಿ ನಮ್ಮ ಮನೆಗೆ ಬಂದು ಒಬ್ಬಟ್ಟು ತಿಂದು, "ಆಯ್ತು ಬಿಡಕ್ಕಾ, ಗೋಣಿ ನಮ್ಮ ಕೈ ಬಿಡಲಿಲ್ಲ" ಅಂದಳು. ನಾನೂ ಹೂಂ ಅಂದೆ.

ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬರುವುದು ಕಡಿಮೆ, ಬೇಡ ಅಂದ ವರ್ಷ ಬರುತ್ತದೆ. ಮಳೆ ಬಿಟ್ಟ ಒಂದು ಬೆಳಿಗ್ಗೆ ಒಂದು ಪ್ಯಾನಲ್‌ನ ಕೆಳಗಿನ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಕಂಡಿತು. ಹಕ್ಕಿಯದು ಇರಬೇಕು ಎಂದು ಒರೆಸಿದೆ. ಹೋಗಲಿಲ್ಲ. ಉಗುರು ಹಾಕಿದೆ. ಹೋಗಲಿಲ್ಲ. ಅದು ಗಾಜಿನ ಹೊರಗಿರಲಿಲ್ಲ, ಒಳಗಿತ್ತು. ಬಿಳಿಯೂ ಅಲ್ಲ, ಬರಿದು. ಅಲ್ಲಿ ಪೊರೆ ಇರಲಿಲ್ಲ, ಆಚೆಯ ಸಿಮೆಂಟು ಕಾಣುತ್ತಿತ್ತು.

ಇಳಿದು ಬಂದಾಗ ಸೆಲ್ವಿ ಕೇಳಿದಳು. ನಾನು ನೇರ ಮೇಡಂ ಕೋಣೆಗೆ ಹೋದೆ. ಅವಳಿಗೆ ಅಷ್ಟು ಸಾಕಾಯಿತು.

ಆ ಬರಿದು ಹಬ್ಬಿದ ರೀತಿ ನೋಡಬೇಕಿತ್ತು. ಲೇಸರ್ ಗೆರೆಗಳ ನಡುವಿನ ಪಟ್ಟಿಗಳ ಉದ್ದಕ್ಕೂ ಬೆರಳು ಚಾಚಿದ ಹಾಗೆ, ಒಂದು ಪಟ್ಟಿಯಲ್ಲಿ ಉದ್ದ, ಪಕ್ಕದ್ದರಲ್ಲಿ ಗಿಡ್ಡ. ಎಲ್ಲ ಪ್ಯಾನಲ್‌ಗಳಲ್ಲೂ ಬಂತು. ರಘುನಾಥ್ ಸಾರ್ ಅಂಚಿಗೆಲ್ಲ ಅಂಟು ಬಳಿಸಿದರು. ಹೊರಗಿನ ನೀರನ್ನು ತಡೆಯಬಹುದು. ಒಳಗೆ ನಾವೇ ಇಟ್ಟು ಒತ್ತಿದ್ದನ್ನು ಏನು ಮಾಡುವುದು? ಸೆಲ್ವಿ ನನಗೆ ಹೇಳದೆ ಒಂದು ದಿನ ಮೇಲೆ ಹೋಗಿ ನೋಡಿ ಬಂದಳು. ಆಮೇಲೆ ನನ್ನನ್ನು ಎಂಗದಕ್ಕಾ ಎಂದು ಕೇಳಲಿಲ್ಲ.

ಆಷಾಢಕ್ಕೆ ಮುಂಚೆಯೇ ಮಾಲೀಕರ ಕಡೆಯವರೊಬ್ಬರು ಬಂದರು. ನಾನು ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಮೇಡಂ ಪ್ಯಾನಲ್‌ನ ನಡುವೆ ಕೈ ಇಟ್ಟು ಹೇಳಿದರು, ಅಂಚಿನಲ್ಲಿ ಹೋಗಿರೋದು ತೇವದಿಂದ, ನಡುವಿನ ಪೊರೆ ಅಳೆದು ನೋಡಿದ್ದೀನಿ, ಬಿಸಿಲಿಗೆ ಗಟ್ಟಿ ನಿಂತಿದೆ, ಅದನ್ನೇ ನಾವು ಹುಡುಕ್ತಾ ಇದ್ದದ್ದು ಎಂದು. ಆತ ಗೌರವವಾಗಿಯೇ ಕೇಳಿದ:

"ಗಿರಾಕಿ ನಡುವಿನ ಭಾಗ ಮಾತ್ರ ಕೊಳ್ತಾನಾ ಮೇಡಂ?"

"ಇನ್ನೊಂದು ಸಲ ಮಾಡಕ್ಕೆ ಗ್ಯಾಸ್ ಕೊಡಿಸಿ."

"ಗಾಳಿ ಎಲ್ಲ ಕಡೆ ಇರತ್ತೆ, ಮಳೆ ಎಲ್ಲ ಕಡೆ ಇರತ್ತೆ. ಒಂದು ಗೋಣಿಗೆ ಹಾಳಾಗೋ ವಸ್ತುನ ನಾನು ಯಾರಿಗೆ ಮಾರಲಿ?"

ಮೇಡಂ ಪ್ಯಾನಲ್ ಮೇಲಿಂದ ಕೈ ತೆಗೆದರು.

ಮುಚ್ಚಿದರು. ಪೆಟ್ಟಿಗೆಗಳನ್ನು ಯಾರೂ ಹಾಗೇ ಕೊಳ್ಳಲಿಲ್ಲ. ಗುಜರಿಯವರು ಬಂದು ಗ್ಯಾಸ್ ಕಟ್ಟರಿನಲ್ಲಿ ತುಂಡು ಮಾಡಿದರು. ಒಂದು ಕೂದಲು ಒಳಗೆ ಬಿದ್ದರೆ ನಮ್ಮನ್ನು ಹೊರಗೆ ನಿಲ್ಲಿಸುತ್ತಿದ್ದ ಪೆಟ್ಟಿಗೆಯೊಳಗೆ ಅವರು ಚಪ್ಪಲಿ ಕಾಲಲ್ಲಿ ನಿಂತು ಬೀಡಿ ಸೇದಿದರು.

ಹೋಗುವ ದಿನ ವಸುಧಾ ಮೇಡಂ ಛಾವಣಿಗೆ ಬಂದರು. ನಾನು ಚೌಕಟ್ಟು ಬಿಚ್ಚುತ್ತಿದ್ದೆ.

"ನಿಜ ಯೋಳಿ ಮೇಡಂ, ನಿಮ್ ಪೊರೆ ಚೆನ್ನಾಗಿತ್ತಾ?"

"ಗೊತ್ತಿಲ್ಲ ಮುನಿಯಮ್ಮ. ಅದೇ ಕಷ್ಟ. ಕೆಟ್ಟದು ಅಂತ ಗೊತ್ತಾಗಿದ್ರೆ ಬಿಟ್ಟು ಮಲಗ್ತಿದ್ದೆ."

"ಬೈದುಬಿಡಿ ನಮ್ಮುನ್ನ."

"ಬೈದ್ರೆ ಗ್ಯಾಸ್ ಬರತ್ತಾ?" ಅಂದರು. ಒಂದು ಪ್ಯಾನಲ್ ತೆಗೆದುಕೊಂಡು ಹೋಗು ಅಂದರು. ಆಮೇಲೆ ಅವರನ್ನು ನೋಡಲಿಲ್ಲ. ಯಾವುದೋ ಕಾಲೇಜಿನಲ್ಲಿ ಪಾಠ ಹೇಳುತ್ತಾರಂತೆ.

ಸೆಲ್ವಿ ಈಗ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಒಂದು ಆಫೀಸಿನ ನೆಲ ಒರೆಸುತ್ತಾಳೆ. ಅಲ್ಲಿಯ ಗೋಡೆಯೆಲ್ಲ ಗಾಜು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಂದು ಸಲ ಸಿಕ್ಕಳು. ಆಷಾಢದಲ್ಲಿ ಅವಳು ಮನೆಗೆ ಗೋಣಿ ಕಟ್ಟುವುದನ್ನು ಬಿಟ್ಟಿದ್ದಾಳೆ ಎಂದು ಅವಳ ತಂಗಿ ಹೇಳಿದಳು. ಧೂಳಿನಲ್ಲೇ ಉಣ್ಣುತ್ತಾರಂತೆ.

ಆ ಪ್ಯಾನಲ್ ಅನ್ನು ನಾನು ಕರುವಿನ ಕೊಟ್ಟಿಗೆಗೆ ಸೂರಾಗಿ ಹಾಕಿದೆ. ನಡುವೆ ಮೊರದಗಲ ಕಪ್ಪು ಉಳಿದಿತ್ತು. ಪ್ರತಿ ಮಳೆಗೆ ಅದು ಚಿಕ್ಕದಾಯಿತು. ಒಂದು ಬೇಸಿಗೆಯಲ್ಲಿ ಹಿಂದಿನ ಗಾಜು ಸಡಿಲವಾಗಿ ಜಾರಿ ಬಿತ್ತು. ಪ್ಲಾಸ್ಟಿಕ್ ಶೀಟನ್ನು ಎಳೆದೆ. ಉಳಿದಿದ್ದ ಪೊರೆಯೂ ಈರುಳ್ಳಿ ಸಿಪ್ಪೆಯ ಹಾಗೆ ಅದರ ಜೊತೆಗೇ ಬಂತು.

ಹೋದ ಭಾನುವಾರ ಸವಿತಾ ಕೊಟ್ಟಿಗೆಯಲ್ಲಿ ತಲೆಯೆತ್ತಿ ನೋಡಿದಳು. ಅವಳ ಕಾರ್ಖಾನೆಯ ಇಂಟರ್ವ್ಯೂನಲ್ಲಿ ಹೇಳಿದರಂತೆ, ಮುಂದೆ ಬಿಲ್ಲೆಯ ಮೇಲೆ ಒಂದು ತೆಳ್ಳನೆಯ ಪೊರೆ ಹಾಕುತ್ತಾರೆ, ಎರಡು ಪದರ, ಒಂದು ಬಿಟ್ಟ ಬಿಸಿಲನ್ನು ಇನ್ನೊಂದು ಹಿಡಿಯುತ್ತದೆ ಎಂದು. ತೇವ ಒಂದೇ ತೊಂದರೆ, ಅದನ್ನೂ ಸರಿಮಾಡುತ್ತಿದ್ದಾರಂತೆ. ಅವಳಿಗೆ ಅದು ಹೊಸ ಸುದ್ದಿ. ಗೋಡೆಯ ಮೇಲೆ ತೇವದ ಮೀಟರ್ ಎಲ್ಲಿದೆ ಎಂದು ಮೊದಲ ದಿನವೇ ನೋಡಿಕೋ, ಅದನ್ನು ನೋಡುವವರು ಯಾರು ಎಂದೂ ಕೇಳು ಎಂದೆ.

"ಇದೇ ನೀವು ಮಾಡಿದ ಪ್ಯಾನ್ಲಾ ಅತ್ತೆ? ಇದು ಬರೀ ಗಾಜಲ್ವ?"

"ಊಂ. ಗಾಜೇ."

ಗಾಜು ಚೆನ್ನಾಗಿದೆ. ಒಂದು ಗೀರಿಲ್ಲ. ಅದರ ಮೂಲಕ ಬಿಸಿಲು ಒಂದು ಚೂರೂ ಉಳಿಯದೆ ನೇರ ಕರುವಿನ ಬೆನ್ನಿನ ಮೇಲೆ ಬೀಳುತ್ತದೆ. ಕರು ತಡೆಯುವುದಿಲ್ಲ. ಅದಕ್ಕೇ ಬಿಸಿಲು ಏರುವ ಹೊತ್ತಿಗೆ ಒಂದು ಗೋಣಿ ನೆನೆಸಿ ಆ ಗಾಜಿನ ಮೇಲೆ ಹಾಕುತ್ತೇನೆ.